ಪಕ್ಕದ ಸೀಟಿಗೆ ಜನ ಉಂಟು

ಒಶಾವಾ
15 ಅಕ್ಟೋಬರ್ 2023

ಪ್ರೀತಿಯ ಜ್ಯೋತ್ಸ್ನಾ,

‘ಪ್ರೀತಿಯ’ ಅಂತ ಬರೆದು ಹತ್ತು ನಿಮಿಷ ಆಯ್ತು, ಪೆನ್ನು ಮುಂದೆ ಹೋಗುವುದೇ ಇಲ್ಲ. ನಾವು ಮಾತಾಡುವುದು ತುಳು, ಬರೆಯುವುದು ಕನ್ನಡ. ಕನ್ನಡದಲ್ಲಿ ನಾನು ಕೊನೆಗೆ ಬರೆದದ್ದು ಹೈಸ್ಕೂಲಲ್ಲಿ ಜ್ವರ ಅಂತ ಹೆಡ್‌ಮಾಸ್ತರರಿಗೆ ಕೊಟ್ಟ ರಜಾ ಅರ್ಜಿ. ಇದೂ ಹಾಗೇ ಆದರೆ ನಗಬೇಡ ಮಾರಾಯ್ತಿ.

ಪತ್ರ ಯಾಕೆ ಅಂತ ನಿನಗೆ ಆಶ್ಚರ್ಯ ಆದೀತು. ಮೊನ್ನೆ ಎಟೋಬಿಕೋಕ್‌ಗೆ ಹೋಗಿ ಮಧುಸೂದನ್ ಸರ್ ಅವರನ್ನು ಕಂಡೆ. ವೀಸಾ ವಕೀಲರು, ರಿಜೆಕ್ಟ್ ಆದ ನಿನ್ನ ಫೈಲು ಈಗ ಅವರೇ ನೋಡುವುದು. ಮೈಸೂರಿನವರು, ಮಾತು ನಯ, ಆದರೆ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರೆ. ನಮ್ಮ ಮದುವೆ ನಿಜವಾದ ಮದುವೆ ಅಂತ ಆಫೀಸರಿಗೆ ಯಾಕೆ ನಂಬಿಕೆ ಬರಲಿಲ್ಲ ಅಂತ ಕೇಳಿದೆ. ನಮ್ಮ ಫೋನ್ ಲಿಸ್ಟನ್ನು ನನ್ನ ಎದುರು ಹಿಡಿದರು. ‘ನೋಡ್ರೀ ಅಕ್ಷತ್, ಇನ್ನೂರ ಹನ್ನೊಂದು ಫೋನ್ ಕಾಲ್, ಅಷ್ಟೂ ನಿಮ್ಮ ತಾಯಿ ನಂಬರಿಗೆ. ಇದನ್ನ ನೋಡಿದ್ರೆ ನೀವು ಸ್ಪಾನ್ಸರ್ ಮಾಡ್ಬೇಕಾಗಿದ್ದು ನಿಮ್ಮ ತಾಯಿನ ಕಣ್ರೀ, ಹೆಂಡ್ತಿನಲ್ಲ!’

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಮ್ಮನಿಗೆ ಫೋನ್ ಮಾಡಿ ‘ಅವಳ ಹತ್ರ ಕೊಡಿ’ ಅಂತ ಹೇಳುವುದೇ ಮರ್ಯಾದೆ ಅಂತ ತಿಳಿದುಕೊಂಡದ್ದು ನಾನು. ಹಿರಿಯರನ್ನು ದಾಟಿ ಹೆಂಡತಿಗೆ ನೇರ ಫೋನ್ ಮಾಡುವುದು ಹೇಗೆ? ಹಾಗೆ ಅಂತ ಇಲ್ಲಿಯ ಆಫೀಸರಿಗೆ ಯಾರು ಹೇಳುವುದು? ಮದುವೆಯ ಆಲ್ಬಮ್ಮೂ ಅಷ್ಟೆ. ನಾವಿಬ್ಬರೇ ಇರುವ ಫೋಟೋ ನಾಲ್ಕು, ನಾಲ್ಕರಲ್ಲೂ ಇಬ್ಬರೂ ಫೋಟೋಗ್ರಾಫರನ್ನೇ ನೋಡ್ತಾ ಇದ್ದೇವೆ.

ಮದುವೆಯಾಗಿ ಹದಿನೇಳು ತಿಂಗಳು. ಅದರಲ್ಲಿ ನಾವು ಒಟ್ಟಿಗೆ ಇದ್ದದ್ದು ಹತ್ತೊಂಬತ್ತು ದಿನ. ಹಾಗಾಗಿ ಇನ್ನು ಅಂಚೆಯಲ್ಲಿ ಪತ್ರ, ಸ್ಟಾಂಪು, ತಾರೀಕು ಸಮೇತ. ಏಪ್ರಿಲಲ್ಲಿ ಎಲ್ಲ ಸೇರಿಸಿ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ಪುನಃ ಅರ್ಜಿ ಹಾಕುವುದು. ‘ಮನಸ್ಸಿಂದ ಬರೀರಿ’ ಅಂದರು ಸರ್. ಆಫೀಸರು ಓದುವ ಪತ್ರವನ್ನು ಮನಸ್ಸಿಂದ ಬರೆಯುವುದು ಹೇಗೆ ಅಂತ ಅವರು ಹೇಳಲಿಲ್ಲ.

ನೀನೂ ಬರಿ. ಅಮ್ಮನಿಗೆ ಓದಲಿಕ್ಕೆ ಕೊಡಬೇಡ.

ನಿನ್ನ
ಅಕ್ಷತ್


ಕಿನ್ನಿಗೋಳಿ
4 ನವೆಂಬರ್ 2023

ಅಕ್ಷತ್ ಅವರಿಗೆ,

ಪತ್ರ ಸಿಕ್ಕಿತು. ಪೋಸ್ಟ್‌ಮ್ಯಾನ್ ಅತ್ತೆಯ ಕೈಗೇ ಕೊಟ್ಟದ್ದು. ‘ನಿನಗೆ ಅಂತೆ’ ಅಂತ ಮುಖ ಸಣ್ಣ ಮಾಡಿ ಕೊಟ್ಟರು. ಓದಲಿಲ್ಲ, ಆದರೆ ನಾನು ಓದುವಾಗ ಎದುರೇ ಕೂತು ತೆಂಗಿನಕಾಯಿ ತುರಿದರು. ಒಂದು ಕಾಯಿಯ ಬದಲು ಎರಡು ತುರಿದು ಮುಗಿಯಿತು.

ಇಲ್ಲಿ ಎಲ್ಲರೂ ಸೌಖ್ಯ. ನಾನು ಮೂಡಬಿದ್ರೆಯ ಕನ್ನಡಕದ ಅಂಗಡಿಯಲ್ಲೇ ಇದ್ದೇನೆ, ಈಗ ಕಣ್ಣು ಪರೀಕ್ಷೆಯೂ ನಾನೇ ಮಾಡುವುದು. ಜನ ದೊಡ್ಡ ಅಕ್ಷರ ಓದ್ತಾರೆ, ಸಣ್ಣದು ಬಂದ ಕೂಡಲೇ ಅಂದಾಜಿಗೆ ಹೇಳ್ತಾರೆ. ತಪ್ಪು ಅಂದರೆ ನನಗೇ ಜೋರು ಮಾಡ್ತಾರೆ.

ಏನು ಬರೆಯುವುದು ಅಂತ ಗೊತ್ತಾಗುವುದಿಲ್ಲ. ಪುನಃ ಅರ್ಜಿ ಹಾಕುವುದು ಬಿಡುವುದು ನಿಮ್ಮ ಇಷ್ಟ. ಆಗುವುದು ಆಗ್ತದೆ. ಅದಕ್ಕಾಗಿ ನೀವು ಮಂಡೆಬಿಸಿ ಮಾಡಿಕೊಳ್ಳಬೇಡಿ, ಸರಿಯಾಗಿ ಊಟ ಮಾಡಿ.

ಆಫೀಸರಿಗಾಗಿ ಒಂದು ವಾಕ್ಯ: ನನ್ನ ಗಂಡ ಒಳ್ಳೆಯವರು.

ಇತಿ,
ಜ್ಯೋತ್ಸ್ನಾ


ಒಶಾವಾ
24 ನವೆಂಬರ್ 2023

ಪ್ರೀತಿಯ ಜ್ಯೋತ್ಸ್ನಾ,

ಆ ಒಂದು ವಾಕ್ಯವನ್ನು ಎಷ್ಟು ಸಲ ಓದಿದೆನೋ. ಆಫೀಸರಿಗೆ ಬರೆದದ್ದಾದರೂ ಸಿಕ್ಕಿದ್ದು ನನಗೆ. ‘ಆಗುವುದು ಆಗ್ತದೆ’ ಅಂತ ಬರೆದಿದ್ದೀಯಲ್ಲ, ಎಂಥ ಧೈರ್ಯ ನಿನ್ನದು! ರಿಜೆಕ್ಟ್ ಆದ ದಿನ ನಾನು ಶಿಫ್ಟಲ್ಲಿ ಕಾರಿನ ಬಾಗಿಲು ಜೋಡಿಸ್ತಾ ಒಂದೇ ಬಾಗಿಲಿಗೆ ಎರಡೆರಡು ಸಲ ಬೋಲ್ಟ್ ಹಾಕಲಿಕ್ಕೆ ಹೋದವ. ನಿನ್ನಿಂದ ಕಲಿಯಬೇಕು.

ನನ್ನ ಬಗ್ಗೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳ್ತೇನೆ. ನನಗೆ ಹಾಕಿಯ ಹುಚ್ಚು ಹಿಡಿದಿದೆ. ಮೈದಾನದ ಹಾಕಿ ಅಲ್ಲ, ಐಸಿನದ್ದು. ಇಲ್ಲಿ ನಾನು ಡಿಪ್ಲೊಮಾ ಮಾಡಿದ ಕಾಲೇಜಿನ ಹುಡುಗಿಯರ ಟೀಮು. ಕಾಲಿಗೆ ಬ್ಲೇಡು, ಕೈಯಲ್ಲಿ ಕೋಲು, ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಮೊದಲ ಸಲ ನೋಡಿದಾಗ ಆ ಬಿಲ್ಲೆ ನನ್ನ ಕಣ್ಣಿಗೇ ಬೀಳಲಿಲ್ಲ. ಬೇರೆಯವರು ಕಿರುಚಿದಾಗ ನಾನೂ ಕಿರುಚಿದೆ. ನಿನ್ನ ಅಂಗಡಿಗೆ ಬರುವ ಜನರ ಹಾಗೆಯೇ, ಅಂದಾಜಿಗೆ.

ನಮ್ಮ ಟೀಮು ದೊಡ್ಡದೇನಲ್ಲ. ನೋಡಲಿಕ್ಕೆ ಬರುವುದು ಎಂಬತ್ತು ತೊಂಬತ್ತು ಜನ, ಅದರಲ್ಲಿ ಅರ್ಧ ಆಡುವವರ ಅಪ್ಪ ಅಮ್ಮಂದಿರು. ಒಳಗೆ ಫ್ರಿಜ್ಜಿನ ಒಳಗೆ ಕೂತ ಹಾಗೆ ಚಳಿ. ಆದರೆ ಗೋಲು ಕಾಯುವ ಹುಡುಗಿ ಇದ್ದಾಳೆ, ಮೂವತ್ತೊಂದನೇ ನಂಬರಿನವಳು, ಅಬ್ಬಾ! ಅವಳ ಮೈಮೇಲೆ ಐದು ಜನ ಬಿದ್ದರೂ ಬಿಲ್ಲೆ ಅವಳ ಕೈಯಲ್ಲೇ. ನಮ್ಮೂರಲ್ಲಿ ಇದ್ದಿದ್ದರೆ ಅವಳನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡ್ತಿದ್ದರು.

ಆಗಸ್ಟಲ್ಲೇ ಇಡೀ ಸೀಸನಿನ ಪಾಸು ತೆಗೆದಿದ್ದೆ, ಎರಡು. ಪಾಸು ಇದ್ದರೆ ಒಳಗೆ ಬಿಡ್ತಾರೆ, ಸೀಟು ಮೊದಲು ಬಂದವರಿಗೆ. ನಮ್ಮದು ಮೂರನೇ ಸಾಲು, ಗೋಲಿನ ಹಿಂದೆ. ಅಲ್ಲಿ ಕೂತರೆ ಐಸು ಕೊರೆಯುವ ಶಬ್ದ ಕಿವಿಯಲ್ಲೇ ಕೇಳ್ತದೆ.

ನಿನಗೆ ಚಳಿ ಅಂದರೆ ಹೇಗೆ? ಆಗುಂಬೆಗೆ ಹೋದಾಗ ಶಾಲು ಹೊದ್ದವಳು ನೀನು. ಒಂದು ದಪ್ಪ ಕೋಟು ನೋಡಿಟ್ಟಿದ್ದೇನೆ. ಬಣ್ಣ ನೀಲಿ ಅಡ್ಡಿ ಇಲ್ಲವಾ?

ನಿನ್ನ
ಅಕ್ಷತ್


ಕಿನ್ನಿಗೋಳಿ
14 ಡಿಸೆಂಬರ್ 2023

ಅಕ್ಷತ್ ಅವರಿಗೆ,

ನಿಮ್ಮ ಪತ್ರ ಮೂರು ಸಲ ಓದಿದೆ. ಹಾಕಿಯ ಭಾಗ ಚೆನ್ನಾಗಿತ್ತು. ನೀವು ಇಷ್ಟು ಮಾತಾಡ್ತೀರಿ ಅಂತ ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ‘ಊಟ ಆಯ್ತಾ’ ಬಿಟ್ಟರೆ ಬೇರೆ ಮಾತಿಲ್ಲ. ಅತ್ತೆ ಸ್ಪೀಕರ್ ಹಾಕಿಯೇ ಇಡುವುದು, ಅದೂ ಸರಿಯೇ.

ಒಂದು ಕೇಳಬೇಕು. ಎರಡು ಪಾಸು ಅಂತ ಬರೆದಿದ್ದೀರಿ. ‘ನಮ್ಮದು ಮೂರನೇ ಸಾಲು’ ಅಂತಲೂ ಬರೆದಿದ್ದೀರಿ. ನಮ್ಮದು ಅಂದರೆ ಯಾರದ್ದು? ಪಕ್ಕದಲ್ಲಿ ಕೂತುಕೊಳ್ಳುವುದು ಯಾರು ಅಂತ ಬರೆಯಲಿಲ್ಲ. ಸುಮ್ಮನೆ ಕೇಳಿದ್ದು, ಬೇರೆ ಏನಲ್ಲ.

ನೀಲಿ ಅಡ್ಡಿ ಇಲ್ಲ. ಆದರೆ ಈಗಲೇ ತೆಗೆದಿಡಬೇಡಿ. ಬರುವುದು ಗ್ಯಾರಂಟಿ ಆದ ಮೇಲೆ ನೋಡುವ.

ಇತಿ,
ಜ್ಯೋತ್ಸ್ನಾ


ಒಶಾವಾ
7 ಜನವರಿ 2024

ಪ್ರೀತಿಯ ಜ್ಯೋತ್ಸ್ನಾ,

ಹೊಸ ವರ್ಷದ ಶುಭಾಶಯ. ಇಲ್ಲಿ ಹಿಮ ಬಿದ್ದು ಕಾರು ಎಲ್ಲಿ ಉಂಟು ಅಂತ ಕೋಲಿನಲ್ಲಿ ಕುತ್ತಿ ಹುಡುಕುವ ಪರಿಸ್ಥಿತಿ.

ಪಕ್ಕದ ಸೀಟಿನ ಬಗ್ಗೆ ಕೇಳಿದ್ದಿ. ಒಬ್ಬ ಗೆಳೆಯ ಬರ್ತಾನೆ. ಫ್ಯಾಕ್ಟರಿಯವನೇ. ಶ್ರೀಕಾಂತ್ ಅಂತ ಹೆಸರು, ಬೆಂಗಳೂರಿನವನು. ಅಷ್ಟೆ.

ನಮ್ಮವರು ಈಗ ಸಾಲಾಗಿ ನಾಲ್ಕು ಮ್ಯಾಚು ಗೆದ್ದಿದ್ದಾರೆ. ಹೀಗೇ ಹೋದರೆ ಫೆಬ್ರವರಿ ಕೊನೆಗೆ ಸೆಮಿಫೈನಲ್, ಅದೂ ನಮ್ಮ ಅಂಗಣದಲ್ಲೇ. ಸೋತರೆ ಅಲ್ಲಿಗೇ ಸೀಸನ್ ಮುಗಿಯಿತು. ಮೂವತ್ತೊಂದನೇ ನಂಬರಿನವಳ ಹೆಸರು ಹಿಡಿದು ಈಗ ನಾನೂ ಕೂಗ್ತೇನೆ, ನಾಚಿಕೆ ಎಲ್ಲ ಬಿಟ್ಟಾಯ್ತು.

ಮಧುಸೂದನ್ ಸರ್ ಮೊನ್ನೆ ಕೇಳಿದರು, ಹೆಂಡತಿಯ ಪತ್ರಗಳು ಸ್ವಲ್ಪ ಉದ್ದ ಇರಬಹುದಾ ಅಂತ. ನೀನು ಬೇಸರ ಮಾಡಿಕೊಳ್ಳಬೇಡ. ಅವರು ಕೇಳಿದ್ದಕ್ಕೆ ಹೇಳಿದೆ, ಅಷ್ಟೆ.

ನಿನ್ನ
ಅಕ್ಷತ್


ಕಿನ್ನಿಗೋಳಿ
30 ಜನವರಿ 2024

ಅಕ್ಷತ್ ಅವರಿಗೆ,

ಪತ್ರ ತಲುಪಿತು. ಇಲ್ಲಿ ಎಲ್ಲರೂ ಆರೋಗ್ಯ. ಅತ್ತೆಯ ಮೊಣಕಾಲು ನೋವು ಕಡಿಮೆ. ಅಂಗಡಿಯಲ್ಲಿ ಕೆಲಸ ಜೋರು.

ಶ್ರೀಕಾಂತ್ ಅವರು ಕಳೆದ ವರ್ಷವೇ ಕೆಲಸ ಬಿಟ್ಟು ವ್ಯಾಂಕೂವರಿಗೆ ಹೋದರು ಅಂತ ಅತ್ತೆ ಹೇಳಿದ ನೆನಪು. ವಾಪಸು ಬಂದಿರಬಹುದು.

ಪತ್ರ ಉದ್ದ ಮಾಡಲು ಬೇರೆ ವಿಷಯ ಇಲ್ಲ.

ಇತಿ,
ಜ್ಯೋತ್ಸ್ನಾ


ಒಶಾವಾ
25 ಫೆಬ್ರವರಿ 2024, ಭಾನುವಾರ ಬೆಳಿಗ್ಗೆ

ಜ್ಯೋತ್ಸ್ನಾ,

ಈ ಪತ್ರ ಫೈಲಿಗೆ ಅಲ್ಲ. ಇದನ್ನು ಯಾರಿಗೂ ಕೊಡಬೇಡ. ಓದಿ ಹರಿದು ಬಿಸಾಡಿದರೂ ಸರಿ.

ನಾವು ಸೋತೆವು. ನಿನ್ನೆ ಮಧ್ಯಾಹ್ನ, ನಮ್ಮ ಅಂಗಣದಲ್ಲೇ, ನಮ್ಮ ಜನರ ಎದುರೇ. ಕೊನೆಯ ನಲವತ್ತು ಸೆಕೆಂಡಿನವರೆಗೆ ಒಂದು ಸೊನ್ನೆಯಲ್ಲಿ ಮುಂದೆ ಇದ್ದವರು ನಾವು! ಆ ಕಡೆಯವರು ತಮ್ಮ ಗೋಲು ಕಾಯುವವಳನ್ನೂ ಹೊರಗೆ ಕರೆದು, ಅವಳ ಬದಲು ಇನ್ನೊಬ್ಬಳನ್ನು ಆಟಕ್ಕೆ ಇಳಿಸಿದರು. ಆರು ಜನ ಒಟ್ಟಿಗೆ ನುಗ್ಗಿದರು. ಬಿಲ್ಲೆ ಯಾರದ್ದೋ ಕಾಲಿಗೆ ಬಡಿದು ಒಳಗೆ ಹೋಯಿತು. ಸಮ ಆದ್ದರಿಂದ ಹೆಚ್ಚುವರಿ ಆಟ, ಮೊದಲು ಗೋಲು ಹೊಡೆದವರು ಗೆದ್ದ ಹಾಗೆ. ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಅವರ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದಾಡುವಾಗ ನಮ್ಮ ಮೂವತ್ತೊಂದನೆಯವಳು ಗೋಲಿನ ಎದುರು ಮೊಣಕಾಲೂರಿ ಹಾಗೆಯೇ ಕೂತಿದ್ದಳು. ಗೆಳತಿಯರು ಬಂದು ಎಬ್ಬಿಸಿದರೂ ಏಳಲಿಲ್ಲ.

ಈಗ ನಿನಗೆ ನಿಜ ಹೇಳ್ತೇನೆ. ಶ್ರೀಕಾಂತ್ ಇಲ್ಲ. ಅವನು ಹೋಗಿ ವರ್ಷ ಆಯ್ತು, ಸುಳ್ಳು ಹೇಳಲಿಕ್ಕೂ ನನಗೆ ಸರಿಯಾಗಿ ಬರುವುದಿಲ್ಲ. ಪಕ್ಕದ ಸೀಟಿನಲ್ಲಿ ಯಾರೂ ಕೂತುಕೊಳ್ಳುವುದಿಲ್ಲ. ಆ ಪಾಸು ನಿನ್ನದು. ಆಗಸ್ಟಲ್ಲಿ ತೆಗೆಯುವಾಗ ನವೆಂಬರಿಗೆ ನೀನು ಇಲ್ಲಿ ಇರ್ತೀ ಅನ್ನುವ ಧೈರ್ಯದಲ್ಲಿ ಇದ್ದೆ. ಸೆಪ್ಟೆಂಬರಲ್ಲಿ ರಿಜೆಕ್ಟ್ ಆಯ್ತು. ಪಾಸು ವಾಪಸು ಕೊಡಬಹುದಿತ್ತು, ಕೊಡಲಿಕ್ಕೆ ಕೈ ಬರಲಿಲ್ಲ. ಇದನ್ನು ನಿನಗೆ ಬರೆದರೆ ಆಫೀಸರಿಗೆ ತೋರಿಸಲಿಕ್ಕೆ ನಾಟಕ ಮಾಡ್ತಾನೆ ಅಂತ ನೀನು ಗ್ರಹಿಸೀಯ ಅಂತ ಹೆದರಿಕೆ ಆಯ್ತು. ಅದಕ್ಕೆ ಶ್ರೀಕಾಂತನನ್ನು ತಂದು ಕೂರಿಸಿದೆ.

ಬೇರೆ ದಿನ ಏನೂ ತೊಂದರೆ ಇಲ್ಲ, ಖಾಲಿ ಸೀಟು ಬೇಕಾದಷ್ಟು. ನಿನ್ನೆ ಏಳುನೂರು ಜನ. ನಾನು ಒಂದೂವರೆ ಗಂಟೆ ಮೊದಲೇ ಹೋಗಿ ನಮ್ಮ ಜಾಗ ಹಿಡಿದೆ. ಕಿನ್ನಿಗೋಳಿ ಬಸ್‌ಸ್ಟ್ಯಾಂಡಲ್ಲಿ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವುದಿಲ್ಲವಾ, ಹಾಗೆ ಪಕ್ಕದ ಸೀಟಿಗೆ ಕರ್ಚೀಫು ಹಾಸಿದೆ. ಇಲ್ಲಿ ಕರ್ಚೀಫಿಗೆ ಯಾರು ಮರ್ಯಾದೆ ಕೊಡ್ತಾರೆ? ಒಬ್ಬ ಅದನ್ನು ಎತ್ತಿ ‘ನಿಮ್ಮದು ಬಿದ್ದಿದೆ’ ಅಂತ ನನ್ನ ಕೈಗೇ ಕೊಟ್ಟ. ಕೂತೇಬಿಡ್ತಿದ್ದ. ನನ್ನ ಬಾಯಿಂದ ಬಂದುಬಿಟ್ಟಿತು, ಜನ ಉಂಟು, ನನ್ನ ಹೆಂಡತಿ ಬರ್ತಾಳೆ ಅಂತ.

ಆಮೇಲೆ ಹಿಂದೆ ಹೋಗುವುದು ಹೇಗೆ? ಮೊದಲ ಬ್ರೇಕಲ್ಲಿ ಕಾಲೇಜಿನ ಟೀಶರ್ಟ್ ಹಾಕಿದ ವಾಲಂಟಿಯರ್ ಬಂದಳು, ಈ ಸೀಟು ಖಾಲಿಯಾ ಅಂತ. ವಾಶ್‌ರೂಮಿಗೆ ಹೋಗಿದ್ದಾಳೆ ಅಂದೆ. ಎರಡನೇ ಬ್ರೇಕಲ್ಲಿ ಪುನಃ ಬಂದಳು. ಕಾಫಿಯ ಲೈನಲ್ಲಿದ್ದಾಳೆ ಅಂದೆ. ಆಚೆ ಸೀಟಿನಲ್ಲಿ ಡೋರೀನ್ ಅಂತ ಒಬ್ಬರು ಅಜ್ಜಿ ಕೂತುಕೊಳ್ತಾರೆ, ಇಡೀ ಸೀಸನ್ ನನ್ನ ಹತ್ತಿರ ‘ಹಲೋ’ ಬಿಟ್ಟು ಮಾತಾಡಿದವರಲ್ಲ. ಅವರು ಕೆಳಗೆ ಹೋದವರು ಎರಡು ಹಾಟ್ ಚಾಕೊಲೇಟ್ ಹಿಡಿದುಕೊಂಡು ಬಂದರು. ಒಂದು ಅವರಿಗೆ, ಒಂದನ್ನು ಖಾಲಿ ಸೀಟಿನ ಮೇಲೆ ಇಟ್ಟರು. ‘ಪಾಪ, ಲೈನು ತುಂಬ ಉದ್ದ ಇದೆ, ಅವಳಿಗೆ ಹೇಳು, ಅವಳದ್ದು ಇಲ್ಲೇ ಇದೆ’ ಅಂದರು.

ಜ್ಯೋತ್ಸ್ನಾ, ಮೂರನೇ ಭಾಗದ ಆಟ ನಾನು ಅರ್ಧವೂ ನೋಡಲಿಲ್ಲ. ಆ ಕಪ್ಪಿನಿಂದ ಹಬೆ ಏಳುವುದನ್ನೇ ನೋಡ್ತಾ ಇದ್ದೆ. ನೀನು ನಿಜವಾಗಿ ಬರ್ತೀ ಅಂತ, ಮೆಟ್ಟಿಲು ಹತ್ತಿ ‘ಎಂಥ ಚಳಿ ಮಾರಾಯ್ರೆ’ ಅಂತ ಬೈಯುತ್ತಾ ಬಂದು ಕೂತುಕೊಳ್ತೀ ಅಂತ ಎರಡು ಸಲ ತಿರುಗಿ ನೋಡಿದೆ. ಹುಚ್ಚೇ ಇದು, ಗೊತ್ತುಂಟು. ಸಮಬಲದ ಗೋಲು ಬಿದ್ದಾಗ ಎಲ್ಲರೂ ತಲೆ ಮೇಲೆ ಕೈ ಹೊತ್ತರು. ನಾನು ಮಾತ್ರ ಆ ಕಪ್ಪು ಚೆಲ್ಲಬಾರದು ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅದಾಗಲೇ ತಣ್ಣಗಾಗಿತ್ತು.

ಇನ್ನೊಂದು ಉಂಟು. ಈ ಮ್ಯಾಚು ಗೆದ್ದರೆ ನಿನ್ನ ವೀಸಾ ಆಗ್ತದೆ ಅಂತ ಕಟೀಲು ದೇವಿಗೆ ಒಂದು ಹೂವಿನ ಪೂಜೆಯ ಹರಕೆ ಹೇಳಿಕೊಂಡಿದ್ದೆ. ಒಶಾವಾದ ಹಾಕಿಗೂ ಕಟೀಲಿಗೂ ಎಂತ ಸಂಬಂಧ ಅಂತ ನಗಬೇಡ. ಸೋತ ಕೂಡಲೇ ನನಗೆ ಮೊದಲು ನೆನಪಾದದ್ದು ಅದೇ.

ಜನ ಎಲ್ಲ ಹೋದರು. ನಾನು ಕೂತೇ ಇದ್ದೆ, ಅತ್ತುಬಿಟ್ಟೆ. ಟೀಮಿಗೆ ಅಳ್ತಾನೆ ಅಂತ ಡೋರೀನ್ ತಿಳಿದುಕೊಂಡರು, ಬೆನ್ನು ತಟ್ಟಿದರು. ಟೀಮಿಗೂ ಅತ್ತದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಹೆಚ್ಚು ನಿನಗೆ. ಹತ್ತೊಂಬತ್ತು ದಿನ ನೋಡಿದ ಹೆಂಡತಿ ಇಷ್ಟು ನೆನಪಾಗ್ತಾಳೆ ಅಂತ ನನಗೇ ಗೊತ್ತಿರಲಿಲ್ಲ. ನೀನು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವುದು ನೆನಪುಂಟು. ನಿನ್ನ ಸ್ವರ ಮಾತ್ರ ಸ್ಪೀಕರಿನಲ್ಲಿ ಕೇಳಿ ಕೇಳಿ, ಹತ್ತಿರದಿಂದ ಹೇಗಿತ್ತು ಅಂತ ಮರೆತು ಹೋಗಿದೆ.

ನಿನಗೂ ಹಾಗೆ ಆಗ್ತದಾ? ಆಗದಿದ್ದರೂ ಅಡ್ಡಿ ಇಲ್ಲ. ನಿಜ ಬರಿ.

ಅಕ್ಷತ್


ಕಿನ್ನಿಗೋಳಿ
16 ಮಾರ್ಚ್ 2024

ಇವರೇ,

ಪತ್ರ ನಿನ್ನೆ ಬಂತು. ಈ ಸಲ ಪೋಸ್ಟ್‌ಮ್ಯಾನಿಗೆ ಮೊದಲೇ ಹೇಳಿಟ್ಟಿದ್ದೆ, ಬೆಳಿಗ್ಗೆ ಬಸ್‌ಸ್ಟ್ಯಾಂಡಲ್ಲಿ ನನ್ನ ಕೈಗೇ ಕೊಡಿ ಅಂತ. ಅಂಗಡಿಗೆ ಬಂದು ಕಣ್ಣು ಪರೀಕ್ಷೆಯ ಕೋಣೆಗೆ ಹೋಗಿ ಚಿಲಕ ಹಾಕಿ ಓದಿದೆ. ಹೊರಗೆ ಒಬ್ಬರು ಮಾಸ್ತರರು ಚಾಳೀಸಿಗೆ ಕಾಯ್ತಾ ಇದ್ದರು. ನಾನು ಹೊರಗೆ ಬಂದಾಗ ‘ಕಣ್ಣು ಕೆಂಪಾಗಿದೆಯಲ್ಲ ಅಮ್ಮ, ಮದ್ದು ಬಿಡು’ ಅಂತ ನನಗೇ ಉಪದೇಶ ಮಾಡಿದರು.

ಮೊದಲು ಜಗಳ. ಶ್ರೀಕಾಂತನನ್ನು ಕೂರಿಸಿದಿರಲ್ಲ, ನಿಮಗೆ ಬುದ್ಧಿ ಉಂಟಾ? ಆ ಸೀಟಿನಲ್ಲಿ ಯಾವಳೋ ಇದ್ದಾಳೆ ಅಂತ ನಾನು ಎರಡು ತಿಂಗಳು ಊಟ ಸೇರದೆ ಕೂತೆ. ಜನವರಿಯ ಪತ್ರ ಆ ಸಿಟ್ಟಿನಲ್ಲೇ ಬರೆದದ್ದು. ಸೀಟು ನನ್ನದೇ ಅಂತ ಗೊತ್ತಾದಾಗ ನಿಮ್ಮ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಕಟೀಲಿನ ಹೂವಿನ ಪೂಜೆ ಮಾಡಿಸುವ. ಸೋತರೆ ಪೂಜೆ ಇಲ್ಲ ಅಂತ ದೇವಿಯ ಹತ್ತಿರ ಲೆಕ್ಕಾಚಾರ ಬೇಡ. ಯಾವ ಹರಕೆ ಅಂತ ಅತ್ತೆ ಕೇಳಿದರು. ಐಸಿನ ಮೇಲೆ ಕೋಲು ಹಿಡಿದು ಓಡುವ ಹುಡುಗಿಯರಿಗೆ ಅಂದೆ. ‘ಹುಡುಗಿಯರಿಗಾ?’ ಅಂತ ಕೇಳಿ ಪುನಃ ತೆಂಗಿನಕಾಯಿ ತುರಿಯಲಿಕ್ಕೆ ಕೂತರು. ಆಮೇಲೆ ಎಲ್ಲ ಹೇಳಿದೆ. ಕೇಳಿ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ‘ಇನ್ನು ಅವನಿಗೆ ನಿನ್ನ ಫೋನಿಗೇ ಮಾಡಲಿಕ್ಕೆ ಹೇಳು’ ಅಂದರು.

ನೀವು ಆ ಪತ್ರ ಯಾರಿಗೂ ಕೊಡಬೇಡ ಅಂದಿದ್ದಿರಿ. ಕೊಟ್ಟೆ. ಇವತ್ತು ಬೆಳಿಗ್ಗೆ ಮಂಗಳೂರಿಗೆ ಹೋಗಿ ತರ್ಜುಮೆ ಮಾಡುವವರ ಕೈಗೆ ಕೊಟ್ಟು ಬಂದೆ. ನನ್ನ ಎದುರೇ ಓದಿದರು. ಗಂಡ ತನಗಾಗಿ ಅತ್ತದ್ದನ್ನು ಪರಗಂಡಸು ಓದುವಾಗ ಎದುರು ಕೂರುವುದು ಎಂಥ ಸಂಕಟ ಅಂತ ಕೇಳಬೇಡಿ. ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ಕೊಟ್ಟೆ. ಉಳಿದ ಪತ್ರ ನೋಡಿದರೆ ನಾವಿಬ್ಬರು ಒಂದೇ ಬಸ್ಸಿಗೆ ಕಾಯುವ ಜನರ ಹಾಗೆ ಕಾಣ್ತೇವೆ. ಇದೊಂದನ್ನು ಓದಿಯಾದರೂ ನಂಬಲಿ. ನೀವು ಬೈದರೆ ಬೈಯಿರಿ.

ನಿಜ ಬರಿ ಅಂದಿರಿ. ಬರೀತೇನೆ.

ಸೆಪ್ಟೆಂಬರಲ್ಲಿ ರಿಜೆಕ್ಟ್ ಆಯ್ತು ಅಂತ ನೀವು ಫೋನಿನಲ್ಲಿ ಹೇಳಿದಾಗ ಅತ್ತೆ ಅತ್ತರು. ನಾನೂ ಸೆರಗು ಮುಖಕ್ಕೆ ಹಿಡಿದೆ. ಅಳಲಿಕ್ಕೆ ಅಲ್ಲ. ನನಗೆ ಒಳಗೆ ಹಾಯೆನಿಸಿತ್ತು, ಅದು ಅವರಿಗೆ ಕಾಣಬಾರದು ಅಂತ. ಬೆಳಿಗ್ಗೆ ಎಂಟರ ಬಸ್ಸು, ನನ್ನ ಅಂಗಡಿ, ನನ್ನ ಸಂಬಳ, ಸಂಜೆ ಅತ್ತೆಯ ಜೊತೆ ಚಾ, ನನಗೆ ಇಷ್ಟು ಸಾಕಾಗಿತ್ತು. ನೀವು ಯಾರು ಅಂತಲೇ ಗೊತ್ತಿರಲಿಲ್ಲ. ‘ಆಗುವುದು ಆಗ್ತದೆ’ ಅಂತ ಬರೆದದ್ದನ್ನು ನೀವು ಧೈರ್ಯ ಅಂದಿರಿ. ಅದು ಧೈರ್ಯ ಅಲ್ಲ. ಆಗದೇ ಇರಲಿ ಅಂತ ಇತ್ತು ನನಗೆ.

ನಿನ್ನೆ ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿಗೆ ಒಬ್ಬಳು ಹೆಂಗಸು ಕೂತುಕೊಳ್ಳಲಿಕ್ಕೆ ಬಂದಳು. ನಾನು ಸರಿದು ಜಾಗ ಕೊಡಲಿಲ್ಲ. ಎಂಥ ಹೆಂಗಸು ಇವಳು ಅಂತ ಅವಳು ಬೈದುಕೊಂಡು ಹಿಂದೆ ಹೋದಳು. ಹೀಗೆ ನಾನು ಯಾವತ್ತೂ ಮಾಡಿದವಳಲ್ಲ.

ನೀವು ಹೇಗೆ ಬೇಕಾದರೂ ಅರ್ಜಿ ಹಾಕಿ, ಮಧುಸೂದನ್ ಸರ್ ಏನು ಕೇಳಿದರೂ ಬರೆದು ಕೊಡ್ತೇನೆ, ಎಷ್ಟು ಉದ್ದ ಬೇಕಾದರೂ. ಈ ಪತ್ರ ಮಾತ್ರ ಫೈಲಿಗೆ ಹಾಕಬೇಡಿ, ಮೊದಲು ಹಾಯೆನಿಸಿದ್ದು ಓದಿದರೆ ಆಫೀಸರು ಅಲ್ಲಿಗೇ ನಿಲ್ಲಿಸ್ತಾರೆ. ಕೊನೆಯವರೆಗೆ ನೀವಾದರೂ ಓದಿ. ಈ ಸಲವೂ ಬೇಡ ಅಂದರೆ ನನಗೆ ತಡೆದುಕೊಳ್ಳಲಿಕ್ಕೆ ಆಗುವುದಿಲ್ಲ. ನನಗೆ ಅಲ್ಲಿಗೆ ಬರಬೇಕು, ನಿಮ್ಮ ಹತ್ರ.

ಜ್ಯೋತ್ಸ್ನಾ